ಹನ್ನೆರಡು ವೋಲ್ಟಿನ ಸೊಗಸು

ಇಂಡಿಕೇಟರಿಗೆ ಹಾಕುವ 21 ವ್ಯಾಟಿನ ಬಲ್ಬು ಒಂದು, ಅದನ್ನು ಕೂರಿಸುವ ಹೋಲ್ಡರು ಒಂದು, ಎರಡು ಮಾರು ವಾಯರು, ಒಂದು ತುದಿಗೆ ಕ್ರೊಕೊಡೈಲ್ ಕ್ಲಿಪ್ಪು, ಇನ್ನೊಂದು ತುದಿಗೆ ಚೀಲ ಹೊಲಿಯುವ ದಬ್ಬಣದ ಮೊನೆ. ಇಷ್ಟು ಕೂಡಿದರೆ ಟೆಸ್ಟ್ ಲ್ಯಾಂಪ್ ಆಯಿತು. ಕ್ಲಿಪ್ಪನ್ನು ಕಾರಿನ ಬಾಡಿಗೆ ಕಚ್ಚಿಸಿ, ದಬ್ಬಣವನ್ನು ಕರೆಂಟು ಬರಬೇಕಾದ ಜಾಗಕ್ಕೆ ತಾಗಿಸಿದರೆ ದೀಪ ಹತ್ತುತ್ತದೆ, ಇಲ್ಲವೇ ಹತ್ತುವುದಿಲ್ಲ, ಇಲ್ಲವೇ ಮಂದವಾಗಿ ಹತ್ತುತ್ತದೆ. ಈ ಮೂರನೆಯದೇ ನನಗೆ ಬಹಳ ಪ್ರಿಯ. ಮಂದವಾಗಿ ಹತ್ತಿದ ಬಲ್ಬು ನಮಗೆ ಒಂದು ಕತೆಯ ಮೊದಲ ಸಾಲು ಹೇಳಿಬಿಟ್ಟಿರುತ್ತದೆ: ಕರೆಂಟು ಹೊರಟಿದೆ, ದಾರಿಯಲ್ಲಿ ಎಲ್ಲೋ ತಡೆ ಇದೆ, ಎಲ್ಲಿ ಅಂತ ಹುಡುಕು.

ಮಲ್ಟಿಮೀಟರ್ ಇದ್ದಮೇಲೆ ಈ ಬಲ್ಬು ಯಾಕೆ ಎಂದು ಹೊಸಬರು ಕೇಳುತ್ತಾರೆ. ಮೀಟರು ದೊಡ್ಡ ಸಾಧನ, ಅದನ್ನು ಆಮೇಲೆ ಹೊಗಳುತ್ತೇನೆ. ಆದರೆ ಇಂದಿನ ಡಿಜಿಟಲ್ ಮೀಟರಿನ ಒಳಗೆ ಸಾಮಾನ್ಯವಾಗಿ ಒಂದು ಕೋಟಿ ಓಮಿನ ತಡೆ ಇರುತ್ತದೆ. ಹನ್ನೆರಡು ವೋಲ್ಟಿಗೆ ಅದು ಎಳೆದುಕೊಳ್ಳುವ ಕರೆಂಟು ಒಂದು ಆಂಪಿಯರಿನ ಹತ್ತು ಲಕ್ಷದ ಒಂದು ಭಾಗದಷ್ಟು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಗಟ್ಟಿಮುಟ್ಟಾಗಿದ್ದು ಒಳಗೆ ತಾಮ್ರದ ಎಳೆಗಳೆಲ್ಲ ಕಡಿದು ಒಂದೇ ಒಂದು ಎಳೆ ಉಳಿದಿದ್ದರೂ ಮೀಟರು ನಿಶ್ಚಿಂತೆಯಿಂದ 12.4 ತೋರಿಸುತ್ತದೆ. ಬಲ್ಬು ಹಾಗಲ್ಲ. ಅದಕ್ಕೆ ಒಂದೂಮುಕ್ಕಾಲು, ಅಂದರೆ 1.75 ಆಂಪಿಯರ್ ಬೇಕು. ಕೊಡುವ ತಾಕತ್ತು ವಾಯರಿಗೆ ಇಲ್ಲದಿದ್ದರೆ ಅದು ಕೂಡಲೇ ಬಯಲಾಗುತ್ತದೆ. ಹುಬ್ಬಳ್ಳಿಯಲ್ಲಿ ಬ್ಯಾಟರಿ, ಡೈನಮೋ ಕೆಲಸದಲ್ಲೇ ಕೂದಲು ಬೆಳ್ಳಗಾದ ಕಾಕಾ ಒಬ್ಬರು ನನಗೆ ಹೇಳಿದ್ದು: "ತಮ್ಮಾ, ಮೀಟರ್ ಕರೆಂಟ್ ಐತಿ ಅಂತ ಅಷ್ಟ ಹೇಳತೈತಿ. ಕೆಲಸ ಮಾಡುವಷ್ಟು ಐತೋ ಇಲ್ಲೋ ಬಲ್ಬಿಗೆ ಕೇಳು."

ಬಲ್ಬಿಗೆ ಕೇಳುವ ಈ ವಿದ್ಯೆ ಹಳ್ಳಿಗಳಿಗೆ ಹೊಸದಲ್ಲ. ತಂಬೂರವನ್ನೇ ನೋಡಿ, ಕಲಘಟಗಿ ತಾಲೂಕಿನ ಊರು. ಬಯಲುಸೀಮೆ ಮುಗಿಯುತ್ತ ಮಲೆನಾಡು ಸುರುವಾಗುವ ಸೆರಗಿನಲ್ಲಿದೆ. ಬಸವಣ್ಣನ ಗುಡಿ ಇರುವ ಊರು, ಭತ್ತ ಬೆಳೆಯುವ ಊರು, ಮಳೆಗಾಲದಲ್ಲಿ ಕಬ್ಬಿಣದ ಸಾಮಾನು ತುಕ್ಕು ಹಿಡಿಯುವ ಊರು. ಕರೆಂಟಿನ ವಿಷಯದಲ್ಲಿ ಇಂಥ ಊರುಗಳ ರೈತರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪಂಪ್‌ಸೆಟ್ ಡಬ್ಬಿಯ ಮೇಲೆ ಸಾಲಾಗಿ ಮೂರು ಬಲ್ಬು ಇರುತ್ತವೆ. ಮೂರೂ ಸಮ ಹತ್ತಿದರೆ ಥ್ರೀ ಫೇಸ್ ಬಂದಿದೆ, ಒಂದು ಮಂಕಾದರೆ ಮೋಟಾರು ಸುರು ಮಾಡಬಾರದು ಎಂಬುದು ಹತ್ತು ವರ್ಷದ ಹುಡುಗರಿಗೂ ಗೊತ್ತು. ವಿದ್ಯುತ್ ಕಂಪನಿ ಹೆಸ್ಕಾಂನ ಲೈನು ಯಾವಾಗ ಬಂತು, ಯಾವ ಫೇಸು ಹೋಯಿತು ಅನ್ನುವುದನ್ನು ಬಲ್ಬು ನೋಡಿ ಓದಬಲ್ಲ ಕಣ್ಣು ಇಲ್ಲಿ ತಯಾರಾಗಿಯೇ ಇದೆ. ಅದೇ ಕಣ್ಣನ್ನು ಕಾರಿನ ಬಾನೆಟ್ ಕೆಳಗೆ ತಿರುಗಿಸಿದರೆ ಸಾಕು, ರುಚಿ ಹತ್ತುತ್ತದೆ.

ತಿರುಗಿಸುವಾಗ ಒಂದು ಲೆಕ್ಕ ಮಾತ್ರ ಹೊಸದಾಗಿ ಕಲಿಯಬೇಕು. ಮನೆಯಲ್ಲಿ 230 ವೋಲ್ಟಿಗೆ 60 ವ್ಯಾಟಿನ ಬಲ್ಬು ಹಚ್ಚಿದರೆ ಅದು ಎಳೆಯುವುದು ಕಾಲು ಆಂಪಿಯರ್. ಕಾರಿನಲ್ಲಿ 12 ವೋಲ್ಟಿಗೆ ಅದೇ 60 ವ್ಯಾಟಿನ ಹೆಡ್‌ಲೈಟು ಎಳೆಯುವುದು 5 ಆಂಪಿಯರ್. ವ್ಯಾಟು ಅಷ್ಟೇ, ಹರಿವು ಮಾತ್ರ ಸುಮಾರು ಇಪ್ಪತ್ತು ಪಟ್ಟು. ಈಗ ಒಂದು ಸಡಿಲ ಜಾಯಿಂಟು ಇದೆ, ಅದರ ತಡೆ ಒಂದು ಓಮಿನ ಹತ್ತನೇ ಒಂದು ಭಾಗ ಎಂದುಕೊಳ್ಳಿ. ಮನೆಯಲ್ಲಿ ಅದು 230ರಲ್ಲಿ ಒಂದು ವೋಲ್ಟಿನ ನಲವತ್ತನೇ ಒಂದು ಪಾಲನ್ನು ತಿನ್ನುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕಾರಿನಲ್ಲಿ ಅದೇ ಜಾಯಿಂಟು 12ರಲ್ಲಿ ಅರ್ಧ ವೋಲ್ಟು ನುಂಗುತ್ತದೆ. ಅಲ್ಲಿ ಹುಟ್ಟುವ ಬಿಸಿಯಂತೂ ಮನೆಯದಕ್ಕಿಂತ ಮುನ್ನೂರೈವತ್ತು ಪಟ್ಟಿಗೂ ಜಾಸ್ತಿ. ಮನೆಯ ವಾಯರಿಂಗಿನಲ್ಲಿ ಪಳಗಿದ ಕೈ ಕಾರಿಗೆ ಬಂದಾಗ ಎಡವುವುದು ಇಲ್ಲಿಯೇ. ಎರಡು ವಾಯರು ತಿರುವಿ ಟೇಪು ಸುತ್ತಿದರೆ ಮನೆಯಲ್ಲಿ ವರ್ಷಗಟ್ಟಲೆ ನಡೆದೀತು, ಹನ್ನೆರಡು ವೋಲ್ಟು ಅದನ್ನು ಸಹಿಸುವುದಿಲ್ಲ. ಕಡಿಮೆ ವೋಲ್ಟು ಮೈಗೆ ಷಾಕ್ ಹೊಡೆಯುವುದಿಲ್ಲ, ಆದ್ದರಿಂದ ಅದು ಸಲೀಸು ಎಂದು ಜನ ತಿಳಿಯುತ್ತಾರೆ. ನಿಜವಾಗಿ ಅದು ಹೆಚ್ಚು ನಾಜೂಕಿನದು. ಈ ನಾಜೂಕನ್ನು ಕುರಿತೇ ನನ್ನ ಮಾತೆಲ್ಲ.

ಬ್ಯಾಟರಿಯಿಂದ ಸುರು ಮಾಡೋಣ. ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ 1859ರಲ್ಲಿ ಸೀಸದ ತಗಡು, ಗಂಧಕಾಮ್ಲ ಕೂಡಿಸಿ ಮಾಡಿದ ವಸ್ತು ಇಂದಿಗೂ ಮೂಲ ಬದಲಾಗದೆ ನಮ್ಮ ಬಾನೆಟ್ ಕೆಳಗೆ ಕೂತಿದೆ. ಅದರೊಳಗಿನ ಒಂದೊಂದು ಮನೆಗೆ, ಅಂದರೆ ಸೆಲ್ಲಿಗೆ, 2.1 ವೋಲ್ಟು, ಹಾಗೆ ಆರು ಮನೆ. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಗ್ಗೆ, ಕೀಲಿ ಹಾಕುವುದಕ್ಕೂ ಮುಂಚೆ, ಮೀಟರಿನ ಎರಡು ಕಡ್ಡಿ ತಾಗಿಸಿ. 12.6 ಬಂದರೆ ಹೊಟ್ಟೆ ತುಂಬಿದೆ. 12.4 ಬಂದರೆ ಮುಕ್ಕಾಲು, 12.2 ಬಂದರೆ ಅರ್ಧ, 12ಕ್ಕೆ ಇಳಿದರೆ ಕಾಲು ಭಾಗ. ಅಂಕಿಗಳ ನಡುವಿನ ಅಂತರ ಎಷ್ಟು ಕಿರಿದು ನೋಡಿ! ತುಂಬಿದ್ದಕ್ಕೂ ಬರಿದಾದದ್ದಕ್ಕೂ ಮುಕ್ಕಾಲು ವೋಲ್ಟಿನ ಹಾದಿ. ಕೂದಲೆಳೆಯಷ್ಟು ಕಿರಿದಾದ ಈ ಹಾದಿಯಲ್ಲಿ ಬ್ಯಾಟರಿಯ ಸುಖದುಃಖವೆಲ್ಲ ಅಡಗಿದೆ. ಹಿಂದೆ ಮುಚ್ಚಳ ಬಿಚ್ಚುವ ಬ್ಯಾಟರಿಗಳಿದ್ದಾಗ ಹೈಡ್ರೋಮೀಟರ್ ಇಳಿಬಿಟ್ಟು ನೋಡುತ್ತಿದ್ದರು. ಗಾಜಿನ ನಳಿಗೆಯೊಳಗೆ ತೇಲುಬುರುಡೆ ಆಮ್ಲದಲ್ಲಿ ಎದ್ದು ನಿಂತರೆ ಜೀವ ಇದೆ, ಮುಳುಗಿದರೆ ಇಲ್ಲ. ಆ ತೇಲುವಿಕೆ ನೋಡುವುದೇ ಒಂದು ಹಬ್ಬ. ಆರು ಮನೆಗಳಲ್ಲಿ ಐದು ಸಮ ತೇಲಿಸಿ ಒಂದು ಮುಳುಗಿಸಿತೆಂದರೆ ರೋಗ ಯಾವ ಮನೆಯಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಮುಚ್ಚಿದ ಬ್ಯಾಟರಿಗಳು ಬಂದು ಅನುಕೂಲ ಆಗಿದೆ, ಆದರೆ ಆ ಒಂದು ನೋಟ ತಪ್ಪಿಹೋಯಿತು.

ಎಂಜಿನ್ ಸುರುವಾದ ಮೇಲೆ ಮೀಟರು 13.8ರಿಂದ 14.4ರ ನಡುವೆ ನಿಲ್ಲಬೇಕು. ಅಷ್ಟು ಬಂದರೆ ಆಲ್ಟರ್ನೇಟರ್ ಬ್ಯಾಟರಿಗೆ ಉಣಿಸುತ್ತಿದೆ. ಸೆಲ್ಫ್ ಹೊಡೆಯುವಾಗ ಅಂಕಿ ಧಸಕ್ಕನೆ ಹತ್ತರ ಹತ್ತಿರ ಇಳಿದು ಮತ್ತೆ ಏರುತ್ತದೆ. ಒಂಬತ್ತೂವರೆಗೂ ಕೆಳಗೆ ಹೋದರೆ ಬ್ಯಾಟರಿ ಸೋತಿದೆ ಎಂದು ಅರ್ಥ. ಈ ಇಳಿದು ಏರುವ ಚಲನೆಗೆ ಒಂದು ಲಯ ಇದೆ, ಒಳ್ಳೆಯ ಬ್ಯಾಟರಿ ಒಮ್ಮೆ ಮಾತ್ರ ತಗ್ಗಿ ಏಳುತ್ತದೆ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್ ಬಿಚ್ಚಬೇಕು, ಹಾಕುವಾಗ ಅದನ್ನು ಕೊನೆಗೆ ಹಾಕಬೇಕು. ಕಾರಿನ ಇಡೀ ಬಾಡಿ ನೆಗೆಟಿವ್ ಆದ್ದರಿಂದ, ಪಾಸಿಟಿವ್ ಬಿಚ್ಚುವ ಪಾನಾ ಬಾಡಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತದೆ, ಆ ಹೊತ್ತಿಗೆ ಕಿಡಿ ಬೇಡವೇ ಬೇಡ. ಕೈಯ ಉಂಗುರ, ಗಡಿಯಾರ ತೆಗೆದಿಟ್ಟು ಕೂಡಬೇಕು.

ಈಗ ನಿಜವಾದ ಸವಿ. ಇದನ್ನು ಇಂಗ್ಲಿಷಿನವರು ವೋಲ್ಟೇಜ್ ಡ್ರಾಪ್ ಎನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ "ಡ್ರಾಪ್ ನೋಡೂದು" ಅಂದರೆ ಸಾಕು. ಮಾಮೂಲು ರೂಢಿಯಲ್ಲಿ ಮೀಟರಿನ ಒಂದು ಕಡ್ಡಿ ಪಾಸಿಟಿವಿಗೆ, ಇನ್ನೊಂದು ನೆಗೆಟಿವಿಗೆ ಇಡುತ್ತೇವೆ. ಡ್ರಾಪ್ ನೋಡುವಾಗ ಎರಡೂ ಕಡ್ಡಿಯನ್ನು ಒಂದೇ ವಾಯರಿನ ಎರಡು ತುದಿಗೆ ಇಡಬೇಕು, ದೀಪ ಹತ್ತಿರಬೇಕು. ವಾಯರು ಆರೋಗ್ಯವಾಗಿದ್ದರೆ ಎರಡು ತುದಿಗಳ ನಡುವೆ ಹೆಚ್ಚುಕಡಿಮೆ ಸೊನ್ನೆ ಬರುತ್ತದೆ. ಬಂದ ಅಂಕಿ ಎಷ್ಟೋ ಅಷ್ಟು ವೋಲ್ಟನ್ನು ಆ ವಾಯರು ತಾನೇ ತಿಂದಿದೆ.

1827ರಲ್ಲಿ ಓಮ್ ಎಂಬ ಶಾಲಾ ಮಾಸ್ತರರು ವೋಲ್ಟು, ಕರೆಂಟು, ತಡೆ ಈ ಮೂರರ ಸಂಬಂಧ ಬರೆದಿಟ್ಟರು. 1845ರಲ್ಲಿ ಕಿರ್ಕಾಫ್, ಆಗಿನ್ನೂ ಇಪ್ಪತ್ತೊಂದರ ವಿದ್ಯಾರ್ಥಿ, ಒಂದು ಸುತ್ತು ಪೂರ್ತಿ ಹೋಗಿ ಬಂದರೆ ಸಿಕ್ಕಿದ್ದೂ ಕಳೆದದ್ದೂ ಸಮವಾಗಲೇಬೇಕು ಎಂದು ತೋರಿಸಿದ. ಪುಸ್ತಕದಲ್ಲಿ ಇದು ಒಣ ಸೂತ್ರ. ಹಳೆಯ ಕಾರಿನ ಹೆಡ್‌ಲೈಟಿನ ಮುಂದೆ ಕೂತು ನೋಡಿದಾಗ ಹೇಗಿರುತ್ತದೆ ನೋಡಿ. ಎಂಜಿನ್ ಬಂದ್, ಲೈಟು ಚಾಲೂ. ಬ್ಯಾಟರಿಯ ಎರಡು ಕಂಬದ ನಡುವೆ 12.40. ಬಲ್ಬಿಗೆ ವಾಯರು ಸೇರುವ ಕಪ್ಲರಿನಲ್ಲಿ, ಬಲ್ಬಿನ ಎರಡು ಕಾಲಿನ ನಡುವೆ, 10.95. ಅಂದರೆ ಸುಮಾರು ಒಂದೂವರೆ ವೋಲ್ಟು ದಾರಿಯಲ್ಲಿ ಕಾಣೆ. ಬ್ಯಾಟರಿ ಪಾಸಿಟಿವಿನಿಂದ ಬಲ್ಬಿನವರೆಗೆ ಅಳೆದರೆ 0.55. ಬಲ್ಬಿನಿಂದ ಬ್ಯಾಟರಿ ನೆಗೆಟಿವಿನವರೆಗೆ ಅಳೆದರೆ 0.90. ಕೂಡಿಸಿ: 0.55, 10.95, 0.90. ಸರಿಯಾಗಿ 12.40. ಬಿಡಿಗಾಸೂ ವ್ಯತ್ಯಾಸ ಇಲ್ಲದೆ ಖಾತೆ ಮುಚ್ಚಿತು. ಅದೂ ನಮ್ಮ ಅಂಗಳದಲ್ಲಿ, ನೂರಾ ಎಂಬತ್ತು ವರ್ಷದ ಹಿಂದಿನ ಒಬ್ಬ ಹುಡುಗನ ಮಾತಿನಂತೆ. ಈ ಕೂಡುವಿಕೆ ಕಂಡಾಗ ನನಗೆ ಆಗುವ ಸಂತೋಷ ದೊಡ್ಡದು.

ಇನ್ನೂ ಒಳಗೆ ಹೋಗಬಹುದು. ಅರ್ಥ್ ಕಡೆಯ 0.90 ಬಹಳವಾಯಿತು, ಅಲ್ಲಿ 0.2ಕ್ಕಿಂತ ಜಾಸ್ತಿ ಇರಬಾರದು. ಅದನ್ನು ತುಂಡು ತುಂಡಾಗಿ ಅಳೆಯೋಣ. ಬಲ್ಬಿನ ಕಾಲಿನಿಂದ ಅರ್ಥ್ ವಾಯರಿನ ತುದಿಯ ಲೋಹದ ಕಿವಿ, ಅಂದರೆ ಲಗ್‌ವರೆಗೆ 0.04. ಬಾಡಿಯ ತಗಡಿನಿಂದ ಬ್ಯಾಟರಿ ನೆಗೆಟಿವಿಗೆ 0.03. ಉಳಿದದ್ದು ಲಗ್‌ಗೂ ಬಾಡಿಗೂ ನಡುವಿನ ಒಂದು ಬೋಲ್ಟು. ಅಲ್ಲಿ ಒಂದು ಕಡ್ಡಿ ಲಗ್ ಮೇಲೆ, ಇನ್ನೊಂದು ಅರ್ಧ ಇಂಚು ಪಕ್ಕಕ್ಕೆ ಬರಿ ತಗಡಿನ ಮೇಲೆ: 0.83. ಕಳ್ಳ ಸಿಕ್ಕಿದ. ಮೇಲಿನಿಂದ ನೋಡಿದರೆ ಆ ಬೋಲ್ಟಿನಲ್ಲಿ ಏನೂ ಕೆಡುಕು ಕಾಣದು, ಬಿಗಿಯಾಗಿಯೂ ಇರುತ್ತದೆ. ಹತ್ತರ ಪಾನಾ ಹಾಕಿ ಬಿಚ್ಚಿದಾಗ ಲಗ್‌ನ ಅಡಿಯಲ್ಲಿ ಹಸಿರು ಕಿಲುಬು, ಅದರ ಕೆಳಗೆ ತಗಡಿನ ಮೇಲೆ ಕಂದು ತುಕ್ಕಿನ ಉಂಗುರ. ಎಮರಿ ಪೇಪರಿನಲ್ಲಿ ತಿಕ್ಕುತ್ತ ಹೋದರೆ ಮೊದಲು ಹಸಿರು ಪುಡಿ ಉದುರುತ್ತದೆ, ಆಮೇಲೆ ಕಪ್ಪು, ಆಮೇಲೆ ಒಮ್ಮೆಲೇ ತಾಮ್ರದ ಆ ಗುಲಾಬಿ ಮೈ ಹೊರಗೆ ಬರುತ್ತದೆ. ಕೆಳಗಿನ ತಗಡನ್ನೂ ಬೆಳ್ಳಗೆ ಹೊಳೆಯುವತನಕ ತಿಕ್ಕಿ, ಬಿಗಿದು, ಮೇಲೆ ತುಸು ವ್ಯಾಸಲೀನ್ ಸವರಿ, ಮತ್ತೆ ಕಡ್ಡಿ ಇಟ್ಟರೆ 0.02. ಬಲ್ಬಿನ ಕಾಲಿನ ನಡುವೆ ಈಗ 11.7ಕ್ಕೂ ಮೇಲೆ. ಕಣ್ಣು ಕುಕ್ಕಬಾರದೆಂದು ಮುಖ ತಿರುಗಿಸಬೇಕಾದಷ್ಟು ಬೆಳಕು. ಹೊಸ ಬಲ್ಬು ಇಲ್ಲ, ಹೊಸ ಬ್ಯಾಟರಿ ಇಲ್ಲ, ಒಂದು ಚೂರು ಎಮರಿ ಪೇಪರು ಅಷ್ಟೇ.

ಒಂದು ವೋಲ್ಟಿಗೆ ಬೆಳಕು ಇಷ್ಟು ಬದಲಾಗುವುದೇಕೆ ಎಂದರೆ, ತಂತಿಯ ಬಲ್ಬಿನ ಬೆಳಕು ವೋಲ್ಟಿನ ಜೊತೆ ಸಮಸಮ ಏರುವುದಿಲ್ಲ. ಅದು ವೋಲ್ಟಿನ ಘನಕ್ಕಿಂತಲೂ ಚೂರು ಜೋರಾಗಿ ಏರಿಳಿಯುತ್ತದೆ. ಹತ್ತು ಪರ್ಸೆಂಟ್ ವೋಲ್ಟು ಕಳೆದರೆ ಮೂವತ್ತು ಪರ್ಸೆಂಟ್ ಬೆಳಕು ಹೋಗುತ್ತದೆ. ಹುಬ್ಬಳ್ಳಿಯಿಂದ ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ಆಷಾಢದ ಮಳೆ ಹೊಡೆಯುವಾಗ, ಎದುರಿಗೆ ಕಾರವಾರದ ಕಡೆಯಿಂದ ಲಾರಿಗಳು ಸಾಲಾಗಿ ಬರುವಾಗ, ಈ ಮೂವತ್ತು ಪರ್ಸೆಂಟು ಜೀವದ ಪ್ರಶ್ನೆ. ಲೈಟು ಮಂದ ಎಂದು ಅಂಗಡಿಯಿಂದ 100 ವ್ಯಾಟಿನ ಬಲ್ಬು ತಂದು ಹಾಕುವವರಿದ್ದಾರೆ. ಅದು ಸೋರುವ ಕೊಳವೆಗೆ ಇನ್ನಷ್ಟು ನೀರು ನೂಕಿದಂತೆ. ಹರಿವು ಹೆಚ್ಚಿ ಡ್ರಾಪೂ ಹೆಚ್ಚುತ್ತದೆ, ಸ್ವಿಚ್ಚು ಕರಗುತ್ತದೆ. ಎದುರು ಬರುವವನ ಕಣ್ಣಿಗೂ ಅನ್ಯಾಯ.

ಸರಿಯಾದ ಮದ್ದು ರಿಲೇ. ಹಳೆಯ ಅನೇಕ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟೆಲ್ಲ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನವರೆಗೆ ಹೋಗಿ, ಸ್ಟಿಯರಿಂಗ್ ಪಕ್ಕದ ಸಣ್ಣ ಸ್ವಿಚ್ಚಿನೊಳಗೆ ತೂರಿ, ಮತ್ತೆ ಮುಂದಕ್ಕೆ ಬರುತ್ತದೆ. ರಿಲೇ ಹಾಕಿದರೆ ಸ್ವಿಚ್ಚಿಗೆ ಬರಿ ಅಪ್ಪಣೆ ಕೊಡುವ ಕೆಲಸ, ಅದಕ್ಕೆ ಆಂಪಿಯರಿನ ಆರೇಳನೇ ಒಂದು ಭಾಗ ಸಾಕು. ಹೊರೆ ಹೊರುವ ದಪ್ಪ ವಾಯರು ಬ್ಯಾಟರಿಯಿಂದ ನೇರ ಬಲ್ಬಿಗೆ, ಗೇಣುದ್ದದ ದಾರಿಯಲ್ಲಿ. ರಿಲೇಯ ಹೊಟ್ಟೆಯ ಮೇಲೆ 30, 85, 86, 87 ಎಂಬ ಅಂಕಿಗಳಿರುತ್ತವೆ. 30ಕ್ಕೆ ಬ್ಯಾಟರಿ, 87ರಿಂದ ಬಲ್ಬಿಗೆ, 85 ಮತ್ತು 86 ಒಳಗಿನ ಸುರುಳಿಗೆ. ಜರ್ಮನಿಯ ಒಂದು ಮಾನದಂಡದಿಂದ ಬಂದ ಈ ಅಂಕಿಗಳು ಬರ್ಲಿನ್ನಿನಲ್ಲೂ ಅವೇ, ಹುಬ್ಬಳ್ಳಿಯಲ್ಲೂ ಅವೇ. ಭಾಷೆ ಬೇರೆಯಾದ ಇಬ್ಬರು ಎಲೆಕ್ಟ್ರಿಶಿಯನ್ನರು ಈ ನಾಲ್ಕು ಅಂಕಿ ಹಿಡಿದು ಮಾತಾಡಬಹುದು. ಮೊದಲ ಸಲ ಸ್ವಿಚ್ಚು ಒತ್ತಿದಾಗ ಬಾನೆಟ್ ಕೆಳಗೆ "ಟಕ್" ಎಂದು ಆಗುವ ಸದ್ದು ಬಹಳ ಚೊಕ್ಕಟ. ಸುರುಳಿ ಎಳೆದಿದೆ, ಸಂಪರ್ಕ ಕೂಡಿದೆ ಎಂದು ಕಿವಿಗೇ ತಿಳಿಯುತ್ತದೆ. ಸದ್ದು ಬಂದು ದೀಪ ಹತ್ತದಿದ್ದರೆ 30, 87ರ ಕಡೆ ಹುಡುಕು. ಸದ್ದೇ ಬರದಿದ್ದರೆ 85, 86ರ ಕಡೆ.

ಈ ದಪ್ಪ ವಾಯರಿಗೆ ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ಫ್ಯೂಸು ಇರುವುದು ಬಲ್ಬನ್ನು ಕಾಯುವುದಕ್ಕಲ್ಲ, ವಾಯರನ್ನು ಕಾಯುವುದಕ್ಕೆ. ಬ್ಯಾಟರಿಯಿಂದ ಫ್ಯೂಸಿನವರೆಗಿನ ತುಂಡಿಗೆ ಕಾವಲೇ ಇಲ್ಲ, ಆದ್ದರಿಂದ ಅದು ಎಷ್ಟು ಮೋಟಾಗಿದ್ದರೆ ಅಷ್ಟು ಚಲೋ. ಬಣ್ಣದ ಚಪ್ಪಟೆ ಫ್ಯೂಸುಗಳನ್ನು ನಾನು ಸುಮ್ಮನೆ ಅಂಗೈಯಲ್ಲಿ ಹರವಿಕೊಂಡು ನೋಡುವುದುಂಟು: ಹತ್ತು ಆಂಪಿಯರಿನ ಕೆಂಪು, ಹದಿನೈದರ ನೀಲಿ, ಇಪ್ಪತ್ತರ ಹಳದಿ, ಮೂವತ್ತರ ಹಸಿರು. ಪ್ಲಾಸ್ಟಿಕ್ಕಿನ ಆಚೆ ಬಾಗಿದ ಸಣ್ಣ ಲೋಹದ ಸೇತುವೆ ಕಾಣುತ್ತದೆ, ಹಾರಿದ ಫ್ಯೂಸಿನಲ್ಲಿ ಆ ಸೇತುವೆ ಮುರಿದಿರುತ್ತದೆ. ಹಾರಿದ್ದಕ್ಕೆ ಬದಲಾಗಿ ಅದೇ ಬಣ್ಣದ್ದನ್ನೇ ಹಾಕಬೇಕು. ಸಿಗರೇಟಿನ ಬೇಗಡೆ ಸುತ್ತಿ ನಡೆಸಿದ ಗಾಡಿಗಳು ಸುಟ್ಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ವಾಯರಿನ ಬಣ್ಣಕ್ಕೂ ವ್ಯಾಕರಣ ಇದೆ. ಬ್ರಿಟನ್ನಿನ ಲ್ಯೂಕಸ್ ಪದ್ಧತಿಯಲ್ಲಿ ಕಂದು ಎಂದರೆ ನೇರ ಬ್ಯಾಟರಿಯಿಂದ ಬಂದದ್ದು, ಬಿಳಿ ಇಗ್ನಿಷನ್ನಿನಿಂದ, ಹಸಿರು ಇಗ್ನಿಷನ್ ದಾಟಿ ಫ್ಯೂಸಿನಿಂದ, ಕಪ್ಪು ಅರ್ಥ್. ಒಂದು ಬಣ್ಣದ ಮೇಲೆ ಇನ್ನೊಂದರ ಗೆರೆ ಎಳೆದರೆ ಅದರ ಕವಲು. ಅಂಬಾಸಿಡರಿನ ಪೂರ್ವಜ ಮೋರಿಸ್ ಆಕ್ಸ್‌ಫರ್ಡ್ ಈ ಪದ್ಧತಿಯ ಕೂಸು. ಹೋಂಡಾ ಬೈಕುಗಳಲ್ಲಿ ಅದೇ ಹಸಿರು ಅರ್ಥ್ ಆಗಿಬಿಡುತ್ತದೆ. ಆದ್ದರಿಂದ ಬಣ್ಣ ನೋಡಿ ಊಹೆ ಮಾಡಿ, ಬಲ್ಬು ತಾಗಿಸಿ ಖಾತ್ರಿ ಮಾಡಿಕೊಳ್ಳಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಅದಕ್ಕೂ ಮೊದಲಿನ ಅಂಬಾಸಿಡರ್, ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಬಾನೆಟ್ ಎತ್ತಿದರೆ ಪ್ರತಿ ವಾಯರಿನ ದಾರಿ ಕಣ್ಣಿಗೆ ಕಾಣುತ್ತಿದ್ದ ಗಾಡಿಗಳು ಅವು. ಕಲಿಯುವವರಿಗೆ ಅಂಥ ಹಳೆಯ ಗಾಡಿಗಿಂತ ಒಳ್ಳೆಯ ಶಾಲೆ ಸಿಗದು.

ಜಾಯಿಂಟಿನ ಬಗ್ಗೆ ನಿಧಾನವಾಗಿ ಹೇಳಬೇಕು. ಕಲಘಟಗಿ ಎಂದರೆ ನಮ್ಮ ಸೀಮೆಯಲ್ಲಿ ತೊಟ್ಟಿಲು. ಬಣ್ಣ ಬಣ್ಣದ ಪಟ್ಟಿಗಳ ಮೇಲೆ ಪುರಾಣದ ಚಿತ್ರ ಬರೆದ ಕಟ್ಟಿಗೆಯ ತೊಟ್ಟಿಲಿಗೆ ಈ ಊರು ಹೆಸರುವಾಸಿ. ಎಲ್ಲರ ಕಣ್ಣು ಚಿತ್ರದ ಮೇಲೆ ಹೋಗುತ್ತದೆ. ನನ್ನ ಬೆರಳು ಹೋಗುವುದು ಕಟ್ಟಿಗೆಗೆ ಕಟ್ಟಿಗೆ ಕೂಡಿದ ಜಾಗಕ್ಕೆ, ಅಲ್ಲಿ ಉಗುರು ಸಿಗದಂತೆ ಕೂಡಿದ್ದರೆ ಆ ಕೈಗೆ ಶರಣು. ಒಳ್ಳೆಯ ಕ್ರಿಂಪಿಂಗ್, ಅಂದರೆ ವಾಯರಿನ ತುದಿಗೆ ಲೋಹದ ಥಿಂಬಲ್ಲನ್ನು ಇಕ್ಕಳದಿಂದ ಒತ್ತಿ ಕೂಡಿಸಿದ ಕೆಲಸ, ಕಂಡಾಗಲೂ ನನಗೆ ಆಗುವುದು ಅದೇ ಅನುಭವ.

ವಾಯರಿನ ಹೊದಿಕೆಯನ್ನು ಥಿಂಬಲ್ಲಿಗೆ ಬೇಕಾದಷ್ಟೇ ಸುಲಿಯಬೇಕು. ಹಲ್ಲಿನಿಂದ ಬೇಡ, ಬ್ಲೇಡೂ ಬೇಡ, ಸುಲಿಯುವ ಇಕ್ಕಳ ಬೇಕು, ಯಾಕೆಂದರೆ ಬ್ಲೇಡು ನಾಲ್ಕಾರು ಎಳೆಗಳನ್ನಾದರೂ ಗಾಯ ಮಾಡುತ್ತದೆ. ಕಾರಿನ ವಾಯರಿನಲ್ಲಿ ಕೂದಲಿನಂಥ ಎಳೆಗಳು ಹತ್ತಾರು ಇರುವುದೇ ನಡುಗುವ ಗಾಡಿಯಲ್ಲಿ ಬಾಗಿ ಬಳುಕಿ ಬಾಳಲಿ ಎಂದು. ಮನೆಯ ಗಟ್ಟಿ ತಂತಿ ಇಲ್ಲಿ ಬಾಳಿಕೆ ಬರುವುದಿಲ್ಲ. ಸುಲಿದ ಎಳೆಗಳು ಹೊಳೆಯುತ್ತ, ಒಂದೂ ಚದುರದೆ ಥಿಂಬಲ್ಲಿನೊಳಗೆ ಹೋಗಬೇಕು. ಆಮೇಲೆ ರಾಚೆಟ್ ಇಕ್ಕಳ. ಅದು ಪೂರ್ತಿ ಒತ್ತುವತನಕ ಬಿಡುವುದಿಲ್ಲ, ಕಟಕಟ ಎನ್ನುತ್ತ ಕೊನೆಗೆ ತಾನೇ ಬಾಯಿ ತೆರೆಯುತ್ತದೆ. ಆ ಒತ್ತಡದಲ್ಲಿ ತಾಮ್ರದ ಎಳೆಗಳು ಒಂದಕ್ಕೊಂದು ಅಪ್ಪಿ, ನಡುವೆ ಗಾಳಿಗೂ ಎಡೆಯಿಲ್ಲದ ಗಟ್ಟಿ ತುಂಡಾಗುತ್ತವೆ. ಗಾಳಿ, ನೀರು ಹೊಗದಲ್ಲಿ ಕಿಲುಬು ಹಿಡಿಯುವುದಿಲ್ಲ. ಮಾಮೂಲು ಪಕ್ಕಡದಿಂದ ಜಜ್ಜಿದ ಥಿಂಬಲ್ಲಿನೊಳಗೆ ಗಾಳಿ ಉಳಿದು ಎರಡು ಮಳೆಗಾಲಕ್ಕೆ ಹಸಿರಾಗುತ್ತದೆ. ಒಳ್ಳೆಯ ಲಗ್‌ಗೆ ಎರಡು ಜೊತೆ ರೆಕ್ಕೆ ಇರುತ್ತವೆ. ಮುಂದಿನದು ತಾಮ್ರವನ್ನು ಹಿಡಿದರೆ ಹಿಂದಿನದು ಹೊದಿಕೆಯನ್ನು ಹಿಡಿಯುತ್ತದೆ, ಎಳೆತ ತಾಮ್ರದ ಮೇಲೆ ಬೀಳಬಾರದೆಂದು. ಈ ಎರಡನೆಯ ಜೊತೆಯ ಹಿಂದಿನ ಕಾಳಜಿ ನೆನೆದರೆ ಅದನ್ನು ರೂಪಿಸಿದವರ ಬಗ್ಗೆ ಪ್ರೀತಿ ಹುಟ್ಟುತ್ತದೆ. ಕೊನೆಗೆ ಒಳಗೆ ಅಂಟಿರುವ ಸ್ಲೀವ್ ಹಾಕಿ ಕಾಯಿಸಿದರೆ ಅದು ಕುಗ್ಗಿ, ಎರಡು ತುದಿಗೆ ಅಂಟಿನ ಸಣ್ಣ ಮಣಿ ಮೂಡುತ್ತದೆ. ಆ ಮಣಿ ಕಂಡರೆ ನೀರಿನ ಬಾಗಿಲು ಮುಚ್ಚಿದಂತೆ. ಜೋರಾಗಿ ಎಳೆದು ನೋಡಿ, ಬಿಟ್ಟು ಬರಬಾರದು. ಬೆಸುಗೆ ಹಾಕುವವರೂ ಇದ್ದಾರೆ, ತಪ್ಪಲ್ಲ. ಆದರೆ ಸೀಸ ಎಳೆಗಳ ನಡುವೆ ಹೀರಿಕೊಂಡು ಹೋಗಿ ನಿಂತಲ್ಲಿ ವಾಯರು ಕಡ್ಡಿಯಂತೆ ಬಿರುಸಾಗುತ್ತದೆ, ನಡುಗಿ ನಡುಗಿ ಆ ಗಡಿಯಲ್ಲೇ ಕಡಿಯುತ್ತದೆ. ಎಂಜಿನ್ನಿನ ಹತ್ತಿರ ನನ್ನ ಮತ ಕ್ರಿಂಪಿಗೇ.

ವಾಯರು ಎಳೆಯುವ ದಾರಿಯಲ್ಲೂ ಕಲೆ ಇದೆ. ತಗಡಿನ ತೂತಿನಲ್ಲಿ ಹಾಯುವಲ್ಲಿ ರಬ್ಬರ್ ಬುಷ್ ಇರಬೇಕು, ಇಲ್ಲದಿದ್ದರೆ ತಗಡಿನ ಅಂಚು ದಿನವೂ ತುಸು ತುಸು ಕೊಯ್ಯುತ್ತದೆ. ಕಪ್ಲರಿಗೆ ಸೇರುವ ಮುಂಚೆ ವಾಯರನ್ನು ಒಮ್ಮೆ ಕೆಳಕ್ಕೆ ಜೋಲಿ ಬಿಟ್ಟು ಮೇಲಕ್ಕೆ ತಂದರೆ ಮಳೆನೀರು ಆ ಜೋಲಿಯ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಕಪ್ಲರ್ ಒಣಗಿರುತ್ತದೆ. ಖರ್ಚು ಮೂರು ಇಂಚು ವಾಯರು. ಮಲೆನಾಡಿನ ಅಂಚಿನಲ್ಲಿ ಗಾಡಿ ಇಟ್ಟವರಿಗೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಹೊಸ ಕಾರುಗಳಲ್ಲಿ ಟೆಸ್ಟ್ ಲ್ಯಾಂಪನ್ನು ಎಲ್ಲೆಂದರಲ್ಲಿ ಚುಚ್ಚಬಾರದು. ಕಂಪ್ಯೂಟರಿಗೆ ಹೋಗುವ ಸಣ್ಣ ವಾಯರುಗಳು 1.75 ಆಂಪಿಯರ್ ತಡೆಯಲಾರವು, ಅಲ್ಲಿ ಮೀಟರೇ ಬೇಕು. ಹಳದಿ ಕೊಳವೆ, ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಕೈ ಹಚ್ಚಬೇಡಿ. ಫ್ಯೂಸು, ಬಲ್ಬು, ಹಾರ್ನು, ಅರ್ಥ್ ಬೋಲ್ಟು, ಬ್ಯಾಟರಿ ಕಂಬ: ಇವಿಷ್ಟು ಹೊಸ ಗಾಡಿಯಲ್ಲೂ ನಮ್ಮವೇ. ರಾತ್ರಿ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತಿದ್ದರೆ ನೆಗೆಟಿವ್ ಕೇಬಲ್ಲಿನ ನಡುವೆ ಮೀಟರನ್ನು ಆಂಪಿಯರಿಗೆ ಇಟ್ಟು ಸೇರಿಸಿ, ಗಾಡಿ ಪೂರ್ತಿ ನಿದ್ದೆಗೆ ಜಾರುವತನಕ ಕಾದು ಓದಬೇಕು. 50 ಮಿಲಿಆಂಪಿಯರಿನೊಳಗೆ ಇದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸು ಕಿತ್ತು ನೋಡಬೇಕು, ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಸೋರಿಕೆ ಆ ಫ್ಯೂಸಿನ ದಾರಿಯದು. ಮೀಟರು ಹೀಗೆ ಸೇರಿಸಿದ್ದಾಗ ಸೆಲ್ಫ್ ಮಾತ್ರ ಹೊಡೆಯಬಾರದು. ಡಿಕ್ಕಿಯೊಳಗೆ ಮರೆತ 5 ವ್ಯಾಟಿನ ಒಂದು ದೀಪ 35 ಆಂಪಿಯರ್-ಅವರಿನ ಬ್ಯಾಟರಿಯನ್ನು ಮೂರೂವರೆ ದಿನದಲ್ಲಿ ಬರಿದು ಮಾಡುತ್ತದೆ.

ಇಷ್ಟು ಕಲಿತ ಕೈಗೆ ಊರಿನಲ್ಲಿ ತಕ್ಷಣ ಸಿಗುವ ದೊಡ್ಡ ಕೆಲಸ ಕಾರಿನದಲ್ಲ, ಟ್ರ್ಯಾಕ್ಟರ್ ಟ್ರೇಲರಿನದು. ಕಬ್ಬಿನ ಸುಗ್ಗಿಯಲ್ಲಿ ಹಳಿಯಾಳದ ಕಡೆಗೆ ರಾತ್ರಿಯಿಡೀ ಹೇರಿದ ಟ್ರೇಲರುಗಳು ಹೋಗುತ್ತವೆ. ಹಿಂದೆ ಟೇಲ್ ಲೈಟು ಹತ್ತದ ಟ್ರೇಲರು ಕತ್ತಲಲ್ಲಿ ಕಬ್ಬಿನ ಗೋಡೆ. ಬೈಕಿನವರು ಅದಕ್ಕೆ ಗುದ್ದಿ ಪ್ರಾಣ ಕಳೆದುಕೊಳ್ಳುವ ಸುದ್ದಿ ಪ್ರತಿ ಸುಗ್ಗಿಯಲ್ಲೂ ಬರುತ್ತದೆ. ಬಲ್ಬು ಹಾಕಿರುತ್ತಾರೆ, ವಾಯರೂ ಎಳೆದಿರುತ್ತಾರೆ, ಆದರೂ ಹತ್ತುವುದಿಲ್ಲ. ಇಲ್ಲವೇ ಎಡಗಡೆ ಇಂಡಿಕೇಟರ್ ಹಾಕಿದರೆ ಟೇಲ್ ಲೈಟು ಅದರ ತಾಳಕ್ಕೆ ಮಂದವಾಗಿ ಮಿನುಗುತ್ತದೆ, ಬ್ರೇಕ್ ಒತ್ತಿದರೆ ಕೆಂಪು ಜೋರಾಗುವ ಬದಲು ಕುಗ್ಗುತ್ತದೆ. ನೋಡಿದವರು ದೆವ್ವ ಹೊಕ್ಕಿದೆ ಎನ್ನುತ್ತಾರೆ. ನನಗೆ ಇದು ಬಿಡಿಸಲು ಬಲು ಸೊಗಸಾದ ಒಡಪು.

ಉತ್ತರ ಅರ್ಥ್‌ನಲ್ಲಿದೆ. ಟ್ರೇಲರಿನ ಬಲ್ಬುಗಳು ತಮ್ಮ ಕರೆಂಟನ್ನು ಟ್ರೇಲರಿನ ಚಾಸಿಗೆ ಒಪ್ಪಿಸುತ್ತವೆ. ಅಲ್ಲಿಂದ ಟ್ರ್ಯಾಕ್ಟರಿಗೆ ಹಿಂತಿರುಗುವ ದಾರಿ ಒಂದೇ, ಕೊಂಡಿಯ ಪಿನ್ನು. ಅದರ ಸುತ್ತ ಗ್ರೀಸು, ಕೆಸರು, ತುಕ್ಕು. ಗಾಡಿ ಜಗ್ಗಿದಾಗ ಲೋಹ ಲೋಹಕ್ಕೆ ತಾಗುತ್ತದೆ, ಸಡಿಲಾದಾಗ ಬಿಡುತ್ತದೆ. ದಾರಿ ಕಟ್ಟಾದಾಗ ಇಂಡಿಕೇಟರಿನ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ. ಪಕ್ಕದ ಟೇಲ್ ಲೈಟಿನ ತಂತಿಯೊಳಗೆ ಹಿಂದುಮುಂದಾಗಿ ನುಗ್ಗಿ, ಅದರ ವಾಯರು ಹಿಡಿದು ಟ್ರ್ಯಾಕ್ಟರಿನ ಮುಂದಿನ ಪಾರ್ಕಿಂಗ್ ದೀಪಗಳ ಮೂಲಕ ಅಂತೂ ಅರ್ಥ್ ಮುಟ್ಟುತ್ತದೆ. ದಾರಿಯುದ್ದಕ್ಕೂ ಬಲ್ಬುಗಳ ಸಾಲು, ಎಲ್ಲವೂ ಅರೆಜೀವದಲ್ಲಿ ಹತ್ತುತ್ತವೆ. ಮೀಟರಿನ ಒಂದು ಕಡ್ಡಿ ಟ್ರೇಲರಿನ ಚಾಸಿಗೆ, ಇನ್ನೊಂದು ಟ್ರ್ಯಾಕ್ಟರಿನ ಬಾಡಿಗೆ ಇಟ್ಟು ದೀಪ ಹಾಕಿಸಿ. ಸೊನ್ನೆಯ ಹತ್ತಿರ ಇರಬೇಕಾದಲ್ಲಿ ಆರು, ಎಂಟು ವೋಲ್ಟು ಕುಣಿಯುವುದು ಕಾಣುತ್ತದೆ. ಇದನ್ನು ನೋಡಿದ ಮಾಲೀಕರೊಬ್ಬರು, "ಹಂಗಾರ ಇಷ್ಟ ದಿನ ಬಲ್ಬ್ ಬದಲೀ ಮಾಡಿದ್ದೆಲ್ಲಾ ಸುಳ್ಳೇನ್ರಿ?" ಎಂದು ಕೇಳಿದರು. ಬಲ್ಬುಗಳು ಚಲೋ ಇದ್ದವು, ಅಣ್ಣಾರ. ವಾಪಸ್ ಬರೂ ದಾರಿ ಇರಲಿಲ್ಲ.

ಪರಿಹಾರ ಒಂದು ಹೆಚ್ಚಿನ ವಾಯರು. ಏಳು ಪಿನ್ನಿನ ಟ್ರೇಲರ್ ಸಾಕೆಟ್ಟಿನಲ್ಲಿ ಮೂರನೆಯ ಪಿನ್ನು ಅರ್ಥ್‌ಗೆಂದೇ ಇದೆ, ಅದರ ಗೊತ್ತಾದ ಬಣ್ಣ ಬಿಳಿ. ಬಹಳ ಟ್ರೇಲರುಗಳಲ್ಲಿ ಅದನ್ನು ಖಾಲಿ ಬಿಟ್ಟಿರುತ್ತಾರೆ, ಕಬ್ಬಿಣ ಇದೆಯಲ್ಲ ಎಂದು. ಆ ಪಿನ್ನಿನಿಂದ ಒಂದು ದಪ್ಪ ಬಿಳಿ ವಾಯರನ್ನು ನೇರ ಪ್ರತಿ ಬಲ್ಬಿನ ಹೋಲ್ಡರಿಗೆ ಎಳೆಯಿರಿ, ಚಾಸಿಗೂ ಒಂದು ಬೋಲ್ಟಿನಲ್ಲಿ ಕೂಡಿಸಿ, ತಗಡನ್ನು ಬೆಳ್ಳಗೆ ತಿಕ್ಕಿಯೇ ಕೂಡಿಸಿ. ಕೊಂಡಿಯ ಹತ್ತಿರ ವಾಯರಿಗೆ ಸಡಿಲು ಬಿಡಿ. ಎಷ್ಟು ಎಂದರೆ, ಹೊಲದ ಮೂಲೆಯಲ್ಲಿ ಟ್ರ್ಯಾಕ್ಟರು ಪೂರ್ತಿ ಹೊರಳಿದಾಗಲೂ ಬಿಗಿಯಾಗಬಾರದು, ನೇರ ನಿಂತಾಗ ನೆಲಕ್ಕೂ ತಾಗಬಾರದು. ಎರಡೂ ಬದಿಗೆ ಹೊರಳಿಸಿ ನೋಡಿಯೇ ಕ್ಲಿಪ್ಪು ಹಾಕಬೇಕು. ಹಿಂದಿನ ದೀಪಕ್ಕೆ ಕಬ್ಬಿನ ಗರಿ ಮುಚ್ಚದಂತೆ ಒಂದು ಸಣ್ಣ ಕಬ್ಬಿಣದ ಪಟ್ಟಿ ಬೆಸೆಯಿಸಿ, ಕೆಂಪು ರಿಫ್ಲೆಕ್ಟರ್ ಅಂಟಿಸಿ. ಕಬ್ಬು ಕಡಿಯುವ ತಂಡಗಳು ಊರಿಗೆ ಬರುವ ಮುಂಚೆ, ದಸರಾ ಹೊತ್ತಿಗೆ ಕೈ ಹಚ್ಚಿದರೆ ಓಣಿಯ ಟ್ರೇಲರುಗಳನ್ನೆಲ್ಲ ಮುಗಿಸಬಹುದು.